ಆಹಾರದಾನಕ್ಕೆ ಬೇಕಾದ ವಿಜ್ಞಾನ

ಭಗವಾನ್ ವೃಷಭನಾಥರು ದೀಕ್ಷೆ ವಹಿಸಿ, ಆರು ತಿಂಗಳ ಪ್ರತಿಮಾಯೋಗವನ್ನು ಪೂರೈಸಿ ಆಹಾರಚರ್ಯೆಗೆ ಹೊರಟ ಪ್ರಸಂಗವನ್ನು ಜಿನಸೇನಾಚಾರ್ಯರ ಸಂಸ್ಕೃತ ಪುರಾಣವೂ ಕ್ರಿ.ಶ. 941ರಲ್ಲಿ ಪಂಪ ರಚಿಸಿದ ಆದಿಪುರಾಣವೂ ನಿರೂಪಿಸುತ್ತವೆ. ನಾಡಿನಲ್ಲಿ ಬರವಿರಲಿಲ್ಲ. ಜನರಲ್ಲಿ ಭಕ್ತಿಗೂ ಕೊರತೆಯಿರಲಿಲ್ಲ. ತಮ್ಮನ್ನು ಆಳಿದ, ತಮಗೆ ಕೃಷಿಯನ್ನೂ ಕಸುಬುಗಳನ್ನೂ ಕಲಿಸಿದ ಪುರುದೇವನೇ ಮನೆಬಾಗಿಲಿಗೆ ಬಂದನೆಂದು ಹಿಗ್ಗಿ, ಒಬ್ಬರು ರತ್ನಗಳ ರಾಶಿಯನ್ನು ತಂದರು, ಮತ್ತೊಬ್ಬರು ಪಟ್ಟೆಯ ವಸ್ತ್ರಗಳನ್ನು ತಂದರು. ಆನೆ ಕುದುರೆಗಳನ್ನು ತಂದು ನಿಲ್ಲಿಸಿದವರೂ, ಕನ್ಯೆಯರನ್ನು ಸ್ವೀಕರಿಸಬೇಕೆಂದು ಬೇಡಿದವರೂ ಉಂಟು. ಮೌನಿಯಾದ ಭಗವಂತರು ಏನನ್ನೂ ಕೇಳಲಿಲ್ಲ, ಏನನ್ನೂ ಸ್ವೀಕರಿಸಲಿಲ್ಲ. ಹೀಗೆ ಮತ್ತೆ ಆರು ತಿಂಗಳು ಉರುಳಿದವು. ಕೊಡುವ ಕೈಗಳು ಲೆಕ್ಕವಿಲ್ಲದಷ್ಟಿದ್ದ ನಾಡಿನಲ್ಲಿ ಒಂದು ಬೊಗಸೆ ಯೋಗ್ಯ ಆಹಾರ ಸಿಗಲಿಲ್ಲ.

ಕೊನೆಗೆ ಹಸ್ತಿನಾಪುರದಲ್ಲಿ ಸೋಮಪ್ರಭ ರಾಜನ ತಮ್ಮನಾದ ಶ್ರೇಯಾಂಸಕುಮಾರನಿಗೆ ಭಗವಂತರನ್ನು ಕಂಡೊಡನೆ ಜಾತಿಸ್ಮರಣೆಯಾಯಿತು. ಹಿಂದಿನ ಭವದಲ್ಲಿ ತಾನು ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರ ನೀಡಿದ್ದ ವಿಧಿ ನೆನಪಿಗೆ ಬಂದಿತು. ಅವನು ಇಕ್ಷುರಸವನ್ನು, ಅಂದರೆ ಕಬ್ಬಿನ ಹಾಲನ್ನು, ಭಗವಂತರ ಕೈಬೊಗಸೆಗೆ ಎರೆದನು. ಆ ದಿನವೇ ಅಕ್ಷಯ ತೃತೀಯಾ. ಇಂದು ಚಿನ್ನದ ಅಂಗಡಿಗಳ ಮುಂದೆ ಸಾಲು ನಿಲ್ಲುವ ಆ ದಿನದ ಮೂಲದಲ್ಲಿ ಚಿನ್ನವನ್ನು ನಿರಾಕರಿಸಿ ಕಬ್ಬಿನ ಹಾಲನ್ನು ಸ್ವೀಕರಿಸಿದ ಘಟನೆಯಿದೆ ಎಂಬುದನ್ನು ಎಷ್ಟು ಜನ ನೆನೆಯುತ್ತಾರೋ!

ಮೊದಲ ಆಹಾರದಾನಿಯೆಂಬ ಕೀರ್ತಿ ಶ್ರೇಯಾಂಸನಿಗೆ ಸಂದುದು ಅವನ ಸಂಪತ್ತಿನಿಂದಲ್ಲ. ಆನೆ ತಂದವನ ದಾನದ ಬೆಲೆ ಕಬ್ಬಿನ ಹಾಲಿಗಿಂತ ಸಾವಿರ ಪಾಲು ಹೆಚ್ಚಿದ್ದೀತು. ಉಳಿದವರೆಲ್ಲ ತಮಗೆ ಯಾವುದು ಅಮೂಲ್ಯವೆಂದು ತೋರಿತೋ ಅದನ್ನು ಕೊಡಬಂದರು. ಶ್ರೇಯಾಂಸನು ಸ್ವೀಕರಿಸುವವರ ದೇಹಕ್ಕೆ ಆ ಗಳಿಗೆಯಲ್ಲಿ ಯಾವುದು ಒಗ್ಗುವುದೋ ಅದನ್ನು ಕೊಟ್ಟನು. ವರ್ಷವಿಡೀ ನಿರಾಹಾರವಾಗಿದ್ದ ಶರೀರಕ್ಕೆ ದ್ರವರೂಪದ, ಪ್ರಾಸುಕವಾದ ಆಹಾರ ಹಿತ. ಅದೇ ಕಬ್ಬಿನ ಹಾಲನ್ನು ಇಂದು ಮಧುಮೇಹದಿಂದ ಬಳಲುವ ಹಿರಿಯರೊಬ್ಬರಿಗೆ ಲೋಟದ ಮೇಲೆ ಲೋಟ ಕೊಟ್ಟರೆ ಅದು ದಾನವೆನಿಸುವುದೇ ಎಂಬುದು ಬೇರೆ ಪ್ರಶ್ನೆ.

ಪುರಾಣದ ಈ ಭಾಗದಲ್ಲಿ ಇನ್ನೊಂದು ಮಾತೂ ಬರುತ್ತದೆ. ಭಗವಂತರೊಡನೆ ದೀಕ್ಷೆ ವಹಿಸಿದ್ದ ನಾಲ್ಕು ಸಾವಿರ ಅರಸರು ಹಸಿವನ್ನು ತಾಳಲಾರದೆ ಗೆಡ್ಡೆಗೆಣಸು, ತೊಗಟೆಗಳನ್ನು ತಿಂದು ಮಾರ್ಗಭ್ರಷ್ಟರಾದರು. ಮುಂದೆ ಬರುವ ಸಾಧಕರಿಗೆ ಆಹಾರದ ಕ್ರಮ ತಿಳಿಯಲೆಂದೇ ಭಗವಂತರು ಚರ್ಯೆಗೆ ಹೊರಟರು ಎನ್ನುತ್ತದೆ ಪುರಾಣ. ಶರೀರವನ್ನು ಸುಮ್ಮನೆ ಕೃಶಗೊಳಿಸುವುದೂ ಸಲ್ಲದು, ಬಾಯಿಗೆ ಹಿತವಾದ ರಸಗಳಿಂದ ಕೊಬ್ಬಿಸುವುದೂ ಸಲ್ಲದು ಎಂಬ ಮಧ್ಯದ ದಾರಿಯನ್ನು ಆಚಾರ್ಯರು ಅಲ್ಲಿ ಸೂಚಿಸುತ್ತಾರೆ. ಹಸಿವು ಮನುಷ್ಯನ ವಿವೇಕವನ್ನು ಹೇಗೆ ಕದಡುತ್ತದೆ ಎಂಬುದನ್ನು ಇಷ್ಟು ಸಹಾನುಭೂತಿಯಿಂದ ಕಂಡ ಪರಂಪರೆಯು ದಾನದ ವಿಚಾರದಲ್ಲಿ ಅಷ್ಟೇ ಸೂಕ್ಷ್ಮವಾಗಿರುವುದು ಸಹಜವಾಗಿದೆ.

ದಾತೃವಿಗೆ ಏಳು ಗುಣಗಳಿರಬೇಕೆಂದು ಶ್ರಾವಕಾಚಾರ ಗ್ರಂಥಗಳು ಹೇಳುತ್ತವೆ. ಕ್ರಿ.ಶ. 959ರಲ್ಲಿ ಸೋಮದೇವಸೂರಿಗಳು ಪೂರೈಸಿದ ಯಶಸ್ತಿಲಕ ಚಂಪೂವಿನಲ್ಲಿಯೂ ಈ ಪಟ್ಟಿಯುಂಟು: ಶ್ರದ್ಧೆ, ತುಷ್ಟಿ, ಭಕ್ತಿ, ವಿಜ್ಞಾನ, ಅಲುಬ್ಧತೆ, ಕ್ಷಮೆ, ಶಕ್ತಿ. ಇವುಗಳಲ್ಲಿ ಶ್ರದ್ಧೆ ಭಕ್ತಿಗಳ ಬಗ್ಗೆ ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿಬರುತ್ತದೆ; ನಾಲ್ಕನೆಯದಾದ ವಿಜ್ಞಾನದ ಮೇಲೆ ಮಾತು ನಿಲ್ಲುವುದು ಅಪರೂಪ. ಕೊಡುವ ದ್ರವ್ಯ ಯಾವುದು, ಕಾಲ ಎಂಥದು, ಸ್ಥಳ ಎಂಥದು, ಸ್ವೀಕರಿಸುವವರ ದೇಹಪ್ರಕೃತಿ ಯಾವುದು ಎಂಬ ತಿಳಿವಳಿಕೆಯೇ ಇಲ್ಲಿನ ವಿಜ್ಞಾನ. ತತ್ತ್ವಾರ್ಥಸೂತ್ರವು ದಾನದ ಫಲದಲ್ಲಿ ತಾರತಮ್ಯ ಉಂಟಾಗುವುದಕ್ಕೆ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕು ಕಾರಣಗಳನ್ನು ಹೇಳಿದೆ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದ ಪೂಜ್ಯಪಾದಾಚಾರ್ಯರು ದ್ರವ್ಯದ ಹಿರಿಮೆಯನ್ನು ಅದರ ಬೆಲೆಯಿಂದಾಗಲಿ ರುಚಿಯಿಂದಾಗಲಿ ಅಳೆಯುವುದಿಲ್ಲ. ಅದು ಸ್ವೀಕರಿಸಿದವರ ತಪಸ್ಸು ಸ್ವಾಧ್ಯಾಯಗಳನ್ನು ಹೆಚ್ಚಿಸುವುದೇ ಎಂಬುದರಿಂದ ಅಳೆಯುತ್ತಾರೆ. ಉಂಡ ಅನ್ನ ಉಂಡವನ ಬದುಕಿನೊಳಗೆ ಏನನ್ನು ಮಾಡುತ್ತದೆ ಎಂಬುದೇ ಅಲ್ಲಿನ ಮಾನದಂಡ.

ಮುನಿಗಳಿಗೆ ನೀಡುವ ಆಹಾರಕ್ಕೂ ಹಸಿದ ಬಡವನಿಗೆ ನೀಡುವ ಆಹಾರಕ್ಕೂ ಶಾಸ್ತ್ರ ಭೇದವನ್ನು ಹೇಳುತ್ತದೆ, ನಿಜ. ಮೊದಲನೆಯದು ಪಾತ್ರದತ್ತಿ, ಅದಕ್ಕೆ ನವಧಾಭಕ್ತಿಯ ವಿಧಿಯುಂಟು. ಎರಡನೆಯದು ದಯಾದತ್ತಿ, ಅದಕ್ಕೆ ಕರುಣೆಯೇ ವಿಧಿ. ಆದರೆ ದಯಾದತ್ತಿಯಲ್ಲಿ ವಿಜ್ಞಾನ ಬೇಡವೆಂದು ಯಾವ ಆಚಾರ್ಯರೂ ಹೇಳಿಲ್ಲ. ಬಸದಿಯ ಅಂಗಳದಲ್ಲಿ ಮುನಿಸಂಘಕ್ಕೆ ಅಡುಗೆ ಮಾಡುವಾಗ ನೀರನ್ನು ಎಷ್ಟು ಬಾರಿ ಸೋಸಬೇಕೆಂದು ಚಿಂತಿಸುವ ಶ್ರಾವಕನು, ಬಡವರಿಗೆ ಹಂಚುವ ಚೀಲಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬುವುದಾದರೆ ಅವನ ವಿವೇಕ ಅರ್ಧಕ್ಕೆ ನಿಂತಿದೆ ಎಂದೇ ಹೇಳಬೇಕಾಗುತ್ತದೆ.

ದಯಾದತ್ತಿಯಲ್ಲಿನ ಈ ವಿಜ್ಞಾನದ ಪ್ರಶ್ನೆ ಇಂದು ಬಹು ದೊಡ್ಡ ಪ್ರಮಾಣದಲ್ಲಿ ಎದ್ದಿರುವುದು ಅಮೆರಿಕದಲ್ಲಿ. ಅಲ್ಲಿ ಫುಡ್ ಪ್ಯಾಂಟ್ರಿ ಎಂಬ ಏರ್ಪಾಡೊಂದಿದೆ. ಕನ್ನಡದಲ್ಲಿ ಅದನ್ನು ಆಹಾರ ಭಂಡಾರ ಎನ್ನಬಹುದು. ಚರ್ಚಿನ ನೆಲಮಾಳಿಗೆಯಲ್ಲೋ ಶಾಲೆಯ ಕೋಣೆಯಲ್ಲೋ ದಾನಿಗಳು ಕೊಟ್ಟ ದಿನಸಿಯನ್ನು ಇಟ್ಟು, ಬೇಕಾದವರಿಗೆ ಹಣವಿಲ್ಲದೆ ಹಂಚುವ ತಾಣಗಳಿವು. ಇವಕ್ಕೆ ಸಾಮಗ್ರಿ ಒದಗಿಸುವ ದೊಡ್ಡ ಉಗ್ರಾಣಗಳಿಗೆ ಫುಡ್ ಬ್ಯಾಂಕ್ ಎಂದು ಹೆಸರು. ಮೊದಲ ಫುಡ್ ಬ್ಯಾಂಕ್ 1967ರಲ್ಲಿ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವಾನ್ ಹೆಂಗೆಲ್ ಅವರಿಂದ ಆರಂಭವಾಯಿತು. ಅಂಗಡಿಗಳ ಹಿಂದೆ ಎಸೆದ ಆಹಾರವನ್ನು ಆರಿಸಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳು, ಹಣವಿಡಲು ಬ್ಯಾಂಕ್ ಇರುವಂತೆ ಆಹಾರವಿಟ್ಟು ತೆಗೆಯಲೂ ಒಂದಿರಬೇಕು ಎಂಬ ಅರ್ಥದಲ್ಲಿ ಆಡಿದ ಮಾತು ಅವರಿಗೆ ದಾರಿ ತೋರಿತಂತೆ. ಇಂದು ಫೀಡಿಂಗ್ ಅಮೆರಿಕ ಎಂಬ ಜಾಲವೊಂದರಲ್ಲೇ ಸುಮಾರು 200 ಫುಡ್ ಬ್ಯಾಂಕ್‌ಗಳೂ ಅವುಗಳ ಕೆಳಗೆ ಸುಮಾರು 60,000 ಭಂಡಾರಗಳು ಮತ್ತು ಊಟದ ಕೇಂದ್ರಗಳೂ ಇವೆ.

ಹೊಟ್ಟೆ ತುಂಬಿಸುವ ಕೆಲಸವನ್ನು ಇವು ದೊಡ್ಡದಾಗಿಯೇ ಮಾಡಿವೆ. ಆದರೆ ದಶಕಗಳ ಕಾಲ ಅಲ್ಲಿನ ಕಪಾಟುಗಳಲ್ಲಿ ಏನಿತ್ತು? ಉಪ್ಪು ಹೆಚ್ಚಾದ ಡಬ್ಬಿಯ ಸೂಪು, ಸಕ್ಕರೆಯ ಪಾನೀಯ, ಬಿಸ್ಕತ್ತು, ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಉಳಿದ ಮಿಠಾಯಿ. ಕೆಡದೆ ಬಹುಕಾಲ ಉಳಿಯುವುದು ಅವೇ, ಅಗ್ಗವಾಗಿ ಸಿಗುವುದೂ ಅವೇ, ದಾನಿಯ ಅಟ್ಟದಿಂದ ಸುಲಭವಾಗಿ ಕೆಳಗಿಳಿಯುವುದೂ ಅವೇ. ಇತ್ತ ಅವುಗಳನ್ನು ಉಣ್ಣುವವರ ಸ್ಥಿತಿಯೇ ಬೇರೆ. ಫೀಡಿಂಗ್ ಅಮೆರಿಕ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಈ ಜಾಲದಿಂದ ಆಹಾರ ಪಡೆಯುವ ಕುಟುಂಬಗಳಲ್ಲಿ ಶೇ 33ರಷ್ಟರಲ್ಲಿ ಮಧುಮೇಹಿಯೊಬ್ಬರು, ಶೇ 58ರಷ್ಟರಲ್ಲಿ ರಕ್ತದೊತ್ತಡದ ರೋಗಿಯೊಬ್ಬರು ಇದ್ದರು. ಅದೇ ವರ್ಷ ಕ್ಯಾಲಿಫೋರ್ನಿಯದ ಆಸ್ಪತ್ರೆಗಳ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನವೊಂದು ಇನ್ನೂ ಕಳವಳಕಾರಿಯಾದ ಸಂಗತಿಯನ್ನು ತೋರಿಸಿತು. ಬಡವರಲ್ಲಿ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರುವ ಪ್ರಕರಣಗಳು ತಿಂಗಳ ಮೊದಲ ವಾರಕ್ಕಿಂತ ಕೊನೆಯ ವಾರದಲ್ಲಿ ಶೇ 27ರಷ್ಟು ಹೆಚ್ಚು. ಕಾರಣ ಊಹಿಸಬಹುದಾದದ್ದೇ: ತಿಂಗಳ ಕೊನೆಗೆ ಕೈ ಬರಿದಾಗುತ್ತದೆ, ಔಷಧಿಯಿದ್ದರೂ ಅನ್ನವಿರುವುದಿಲ್ಲ. ಮತ್ತೆ ಅನ್ನ ಸಿಕ್ಕಿದಾಗ ಅದು ಸಕ್ಕರೆ ತುಂಬಿದ ಅನ್ನವಾದರೆ ದೇಹದ ಏರಿಳಿತಕ್ಕೆ ಕೊನೆಯೆಲ್ಲಿ?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆ ಇಲ್ಲಿ ನೆನಪಾಗುತ್ತದೆ. ಆದರೆ ಊಟವನ್ನು ಬಲ್ಲವನಾಗಲು ಊಟವನ್ನು ಆರಿಸುವ ಸ್ಥಿತಿಯೂ ಇರಬೇಕಷ್ಟೆ. ಇನ್ನೊಬ್ಬರು ಕಟ್ಟಿಕೊಟ್ಟ ಚೀಲವನ್ನು ಹೊತ್ತು ಮನೆಗೆ ಹೋಗುವವನಿಗೆ ಗಾದೆಯ ಮೊದಲ ಅರ್ಧವನ್ನು ಹೇಳಿ ಪ್ರಯೋಜನವಿಲ್ಲ. ಚೀಲ ಕಟ್ಟಿದವನು ಅದನ್ನು ಕೇಳಬೇಕು. ಎರಡನೆಯ ಅರ್ಧವನ್ನೂ ಕೇಳಬೇಕಾದವನು ಅವನೇ.

ಈ ಅರಿವು ಅಲ್ಲಿ ಮೂಡಿದೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ಪೋಷಣತಜ್ಞರ ಸಮಿತಿಯೊಂದು ದಾನದ ಆಹಾರಕ್ಕೆಂದೇ ಮಾರ್ಗಸೂಚಿಯನ್ನು ಹೊರತಂದಿತು. ಭಂಡಾರಕ್ಕೆ ಬರುವ ಪ್ರತಿಯೊಂದು ಪದಾರ್ಥವನ್ನೂ ಮೂರು ಅಂಶಗಳಿಂದ ಅಳೆಯಬೇಕು: ಸ್ಯಾಚುರೇಟೆಡ್ ಕೊಬ್ಬು, ಉಪ್ಪಿನ ಸೋಡಿಯಂ, ಹೊರಗಿನಿಂದ ಬೆರೆಸಿದ ಸಕ್ಕರೆ. ಅಳೆದು, ಹೆಚ್ಚಾಗಿ ಉಣ್ಣಬಹುದಾದದ್ದು, ಆಗಾಗ ಉಣ್ಣಬಹುದಾದದ್ದು, ಅಪರೂಪಕ್ಕೆ ಉಣ್ಣಬೇಕಾದದ್ದು ಎಂದು ವಿಂಗಡಿಸಬೇಕು. ಅಕ್ಷರ ಬಾರದವರಿಗೂ ತಿಳಿಯುವಂತೆ ಕಪಾಟುಗಳಿಗೆ ಹಸಿರು, ಹಳದಿ, ಕೆಂಪು ಬಣ್ಣದ ಗುರುತು ಹಚ್ಚುವ ಪದ್ಧತಿಯೂ ಬಳಕೆಯಲ್ಲಿದೆ.

ಜೈನ ಓದುಗರು ಆ ಮೂರು ಅಂಶಗಳನ್ನು ಇನ್ನೊಮ್ಮೆ ಗಮನಿಸಬೇಕು. ಬಾಹ್ಯತಪಗಳಲ್ಲಿ ನಾಲ್ಕನೆಯದಾದ ರಸಪರಿತ್ಯಾಗದಲ್ಲಿ ತೊರೆಯುವ ಆರು ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ ಮತ್ತು ಉಪ್ಪು. ಜಿಡ್ಡು, ಸಿಹಿ, ಉಪ್ಪು ಎಂದು ಇವುಗಳನ್ನು ಒಟ್ಟುಗೂಡಿಸಿದರೆ ಆಧುನಿಕ ಪೋಷಣತಜ್ಞರ ಪಟ್ಟಿಗೆ ಬಹಳ ಹತ್ತಿರ ಬಂದಂತಾಯಿತು. ಇಂದ್ರಿಯಜಯಕ್ಕಾಗಿ ಹೇಳಿದ್ದು ಅದು, ಹೃದಯದ ರಕ್ಷಣೆಗಾಗಿ ಹೇಳಿದ್ದು ಇದು. ಉದ್ದೇಶಗಳು ಬೇರೆಯಾದ್ದರಿಂದ ಎರಡನ್ನೂ ಒಂದೇ ಎಂದು ಬೀಗುವ ಅಗತ್ಯವಿಲ್ಲ. ನಾಲಗೆಯು ಯಾವುದಕ್ಕೆ ಸೋಲುತ್ತದೆ ಎಂಬ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದೇ ಸತ್ಯವನ್ನು ಕಂಡಿದ್ದಾರೆ.

ಇಲ್ಲಿಯೇ ಎಚ್ಚರ ತಪ್ಪುವ ಅಪಾಯವೂ ಇದೆ. ಹೊಟ್ಟೆ ತುಂಬಿದವನು ಹಸಿದವನಿಗೆ ಸಂಯಮವನ್ನು ಬೋಧಿಸುವಷ್ಟು ಸುಲಭವಾದದ್ದು ಬೇರೊಂದಿಲ್ಲ. ತಪಸ್ಸಿಗೆ ಸ್ವಂತ ಸಂಕಲ್ಪವೇ ಪ್ರಾಣ. ಸೆರೆಮನೆಯಲ್ಲಿದ್ದವನು ಗತ್ಯಂತರವಿಲ್ಲದೆ ಹಸಿವು ನೀರಡಿಕೆಗಳನ್ನು ಸಹಿಸಿದರೆ ಅದನ್ನು ಶಾಸ್ತ್ರವು ಅಕಾಮನಿರ್ಜರೆ ಎಂದು ಪ್ರತ್ಯೇಕವಾಗಿಯೇ ಹೆಸರಿಸುತ್ತದೆ. ಅದು ಸಂವರಪೂರ್ವಕವಾದ ತಪದ ಸಾಲಿಗೆ ಸೇರುವುದಿಲ್ಲ. ಉಪ್ಪು ಸಿಹಿಗಳನ್ನು ಬಿಡಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಉಣ್ಣುವವನದು. ದುಡಿದು ದಣಿದ ತಂದೆಯೊಬ್ಬನು ಮಗುವಿನ ಹುಟ್ಟುಹಬ್ಬಕ್ಕೆಂದು ಭಂಡಾರದ ಕೆಂಪು ಗುರುತಿನ ಕಪಾಟಿನಿಂದ ಕೇಕ್ ಒಂದನ್ನು ಎತ್ತಿಕೊಂಡರೆ ಅವನ ಕೈಯನ್ನು ತಡೆಯುವುದು ಆರೋಗ್ಯಬೋಧೆಯಾಗದು, ಅವಮಾನವಾಗುತ್ತದೆ. ಅವಮಾನವೂ ಹಿಂಸೆಯೇ ಎಂಬುದನ್ನು ಅಹಿಂಸಾವ್ರತಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಒಳ್ಳೆಯ ಆಹಾರದತ್ತ ಒಲಿಸುವ ಬಗೆ ಯಾವುದು? ಅನುಭವವುಳ್ಳ ಭಂಡಾರಗಳು ಕಂಡುಕೊಂಡ ಉತ್ತರ ಸರಳವಾಗಿದೆ. ಮೊದಲೇ ಚೀಲ ಕಟ್ಟಿಡುವುದನ್ನು ಅನೇಕ ಕಡೆ ಬಿಟ್ಟಿದ್ದಾರೆ. ಅಂಗಡಿಯಲ್ಲಿ ಇಟ್ಟಂತೆ ಪದಾರ್ಥಗಳನ್ನು ಜೋಡಿಸಿ, ಬಂದವರೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಒಳಗೆ ಬಂದೊಡನೆ ಕಾಣುವಂತೆ, ಕಣ್ಣಿನ ಮಟ್ಟದಲ್ಲಿ, ತಾಜಾ ತರಕಾರಿ ಹಣ್ಣುಗಳನ್ನು ಇಡುತ್ತಾರೆ. ಸಿಹಿ ಪಾನೀಯಗಳನ್ನು ಮೂಲೆಗೆ ಸರಿಸುತ್ತಾರೆ, ಆದರೆ ಬಚ್ಚಿಡುವುದಿಲ್ಲ. ಕಾಬೂಲಿ ಕಡಲೆಯನ್ನೋ ಕಂದು ಅಕ್ಕಿಯನ್ನೋ ಎಂದೂ ಬಳಸದವರಿಗೆ ಅಲ್ಲಿಯೇ ಬೇಯಿಸಿ ಒಂದು ಚಮಚ ರುಚಿ ತೋರಿಸುತ್ತಾರೆ, ಅಡುಗೆಯ ಕ್ರಮವನ್ನು ಬರೆದ ಚೀಟಿಯನ್ನು ಕೈಗಿಡುತ್ತಾರೆ. ಮನೆಯಲ್ಲಿ ಒಲೆಯಿದೆಯೇ, ಫ್ರಿಜ್ ಇದೆಯೇ, ಡಬ್ಬಿ ತೆರೆಯುವ ಸಾಧನವಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ಕಾರಿನಲ್ಲಿ ಮಲಗುವವನಿಗೆ ಒಣ ಬೇಳೆ ಎಷ್ಟೇ ಪುಷ್ಟಿಕರವಾಗಿದ್ದರೂ ಅದು ಅವನ ಪಾಲಿಗೆ ಕಲ್ಲು. ಅವನಿಗೆ ಬೇಯಿಸಿ ಮುಚ್ಚಿದ ಡಬ್ಬಿಯೇ ಬೇಕು. ಡಬ್ಬಿಯ ಕಾಳನ್ನು ಬಸಿದು ನೀರಿನಲ್ಲಿ ತೊಳೆದರೆ ಉಪ್ಪಿನಂಶ ಗಣನೀಯವಾಗಿ ಇಳಿಯುತ್ತದೆ ಎಂಬ ಪುಟ್ಟ ಉಪಾಯವನ್ನು ತಿಳಿಸಿದರೂ ರಕ್ತದೊತ್ತಡದವರಿಗೆ ಉಪಕಾರವೇ. ವಿಜ್ಞಾನ ಎಂಬ ದಾತೃಗುಣವು ಇಂಥ ಸಣ್ಣ ವಿವರಗಳಲ್ಲೇ ಜೀವಂತವಾಗಿರುವುದು.

ಕಪಾಟಿನ ಜೋಡಣೆಯಷ್ಟೇ ಮುಖ್ಯವಾದದ್ದು ಕೊಡುವವರ ಮುಖಭಾವ. ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೇಳಿದೆ. ಅವುಗಳಲ್ಲೊಂದು ಮಾತ್ಸರ್ಯ. ಲೋಕರೂಢಿಯಲ್ಲಿ ಮತ್ಸರವೆಂದರೆ ಹೊಟ್ಟೆಕಿಚ್ಚು. ಇತರ ದಾನಿಗಳ ಗುಣವನ್ನು ಸಹಿಸದಿರುವುದು ಎಂಬ ಅರ್ಥವನ್ನು ಪೂಜ್ಯಪಾದರೂ ಹೇಳುತ್ತಾರೆ. ಅದರ ಜೊತೆಗೆ, ಕೊಡುತ್ತಿದ್ದರೂ ಕೊಡುವಲ್ಲಿ ಆದರವಿಲ್ಲದಿರುವುದು ಎಂಬ ಅರ್ಥವನ್ನೂ ಹೇಳುತ್ತಾರೆ. ವಸ್ತು ಕೈದಾಟಿತು, ಆದರೆ ಗೌರವ ದಾಟಲಿಲ್ಲ. ಇನ್ನೊಂದು ಅತಿಚಾರ ಕಾಲಾತಿಕ್ರಮ. ಮುನಿಗಳ ಆಹಾರದ ಹೊತ್ತನ್ನು ಮೀರಿಸಿ ನೀಡಹೊರಡುವುದು ಅದರ ಮೂಲ ಅರ್ಥ. ಅವಧಿ ಮೀರಿದ ಡಬ್ಬಿಗಳನ್ನು ಮನೆ ಚೊಕ್ಕಟ ಮಾಡುವ ನೆಪದಲ್ಲಿ ಬಡವರ ಭಂಡಾರಕ್ಕೆ ಸಾಗಿಸುವವರಿಗೆ ಈ ಶಬ್ದವನ್ನು ಕೊಂಚ ವಿಸ್ತರಿಸಿ ಹೇಳಿದರೆ ಆಚಾರ್ಯರು ಬೇಸರಿಸಲಾರರು. ತನ್ನದನ್ನು ಇನ್ನೊಬ್ಬರ ಹಿತಕ್ಕಾಗಿ ಬಿಡುವುದು ದಾನ. ಬೇಡವಾದದ್ದನ್ನು ಸಾಗಹಾಕುವುದಕ್ಕೆ ಬೇರೆ ಹೆಸರುಂಟು.

ಆರೋಗ್ಯಕರವೆಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಪಟ್ಟಿಯಿಲ್ಲ ಎಂಬುದಕ್ಕೆ ಸಮಂತಭದ್ರಾಚಾರ್ಯರ ಕಥೆಯೇ ಸಾಕ್ಷಿ. ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ, ಆವಾಸಗಳೆಂಬ ದಾನಗಳನ್ನು ನಿರೂಪಿಸಿದ ಆ ಆಚಾರ್ಯರಿಗೆ ಮುನಿಜೀವನದ ನಡುವೆ ಭಸ್ಮಕ ರೋಗ ಬಂದಿತೆಂದು ಕಥಾಕೋಶಗಳು ಹೇಳುತ್ತವೆ. ಉಂಡದ್ದೆಲ್ಲ ಕ್ಷಣದಲ್ಲಿ ಉರಿದುಹೋಗಿ ಹಸಿವು ಆರದಿರುವ ರೋಗ ಅದು. ಮಿತವಾದ ರೂಕ್ಷ ಆಹಾರ, ಸಾಧುವಿಗೆ ಯಾವುದು ಭೂಷಣವೋ ಅದೇ, ಅವರ ಪಾಲಿಗೆ ರೋಗವನ್ನು ಹೆಚ್ಚಿಸುವಂಥದಾಯಿತು. ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಅವರಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಬಹಳವಿದೆಯೆಂದು ಕಂಡರು. ಸಮಂತಭದ್ರರು ಮುನಿವೇಷವನ್ನು ತಾತ್ಕಾಲಿಕವಾಗಿ ತೊರೆದು, ದೇವಾಲಯದ ನೈವೇದ್ಯವಾದ ಸಮೃದ್ಧ ಅನ್ನವನ್ನು ಉಂಡು, ರೋಗ ಶಮನವಾದ ಬಳಿಕ ಮತ್ತೆ ದೀಕ್ಷೆಗೆ ಮರಳಿದರು. ಒಬ್ಬನಿಗೆ ಅಪಥ್ಯವಾದ ತುಪ್ಪದನ್ನ ಇನ್ನೊಬ್ಬನಿಗೆ ಔಷಧ. ರಾಷ್ಟ್ರಕೂಟರ ಕಾಲದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯಶಾಸ್ತ್ರವನ್ನು ಕಲ್ಯಾಣಕಾರಕವೆಂಬ ಗ್ರಂಥದಲ್ಲಿ ಬರೆದ ಉಗ್ರಾದಿತ್ಯಾಚಾರ್ಯರಂಥವರು ಪಥ್ಯಕ್ಕೆ ಕೊಟ್ಟ ಸ್ಥಾನವನ್ನು ನೋಡಿದರೆ, ಆಹಾರದಾನಕ್ಕೂ ಔಷಧದಾನಕ್ಕೂ ನಡುವೆ ಗೋಡೆಯೇನೂ ಇಲ್ಲವೆಂದು ತಿಳಿಯುತ್ತದೆ. ಚತುರ್ವಿಧ ದಾನದ ಪರಂಪರೆಯನ್ನು ನಡೆಸಿಕೊಂಡು ಬಂದಿರುವ ಧರ್ಮಸ್ಥಳದಲ್ಲಿ ಅನ್ನದಾನವೂ ಔಷಧದಾನವೂ ಅಕ್ಕಪಕ್ಕದಲ್ಲೇ ಸಾಗಿ ಬಂದಿವೆ.

ಅಮೆರಿಕದಲ್ಲಿ ನೆಲೆಸಿದ ಜೈನ ಶ್ರಾವಕರಲ್ಲಿ ಕನ್ನಡಿಗರೂ ಇದ್ದಾರೆ. ಆ ಭಂಡಾರಗಳಲ್ಲಿ ಮಾಂಸದ ಡಬ್ಬಿಗಳೂ ಇರುವುದರಿಂದ ಅಲ್ಲಿಗೆ ಕೊಡಬಹುದೇ ಎಂಬ ಅಳುಕು ಕೆಲವರಲ್ಲಿ ಹುಟ್ಟುವುದು ಸಹಜ. ತಾನು ಕೊಡುವ ದ್ರವ್ಯ ಶುದ್ಧವಾಗಿರಲಿ ಎಂಬ ನಿಷ್ಠೆಯನ್ನು ಉಳಿಸಿಕೊಂಡೇ ಈ ಅಳುಕನ್ನು ದಾಟಬಹುದು. ತೊಗರಿ, ಹೆಸರು, ಕಡಲೆ, ಅವರೆಯಂಥ ಧಾನ್ಯಗಳು ಪೋಷಣತಜ್ಞರ ಹಸಿರು ಪಟ್ಟಿಯಲ್ಲಿ ಮುಂದಿರುವಂಥವು. ಶ್ರಾವಕನ ಅಡುಗೆಮನೆಯಲ್ಲೂ ಮುಂದಿರುವಂಥವು. ಬೇಳೆಯನ್ನು ಬೇಯಿಸಿ ರುಚಿಗಟ್ಟಿಸುವ ವಿದ್ಯೆ ನಮ್ಮ ಹೆಂಗಳೆಯರಿಗೂ ಗಂಡಸರಿಗೂ ತಿಳಿದಷ್ಟು ಅಲ್ಲಿ ಎಷ್ಟೋ ಮನೆಗಳಿಗೆ ತಿಳಿಯದು. ಬೇಳೆಯ ಚೀಲದೊಡನೆ ಒಂದು ಶನಿವಾರದ ಬೆಳಗನ್ನೂ ಕೊಟ್ಟು, ಭಂಡಾರದಲ್ಲಿ ಒಲೆ ಹಚ್ಚಿ ತೋರಿಸಿಕೊಟ್ಟರೆ ಆಹಾರದಾನಕ್ಕೆ ಜ್ಞಾನದಾನವೂ ಕೂಡಿಕೊಂಡೀತು.

ನಮ್ಮ ನಾಡಿನಲ್ಲಿ ಫುಡ್ ಪ್ಯಾಂಟ್ರಿಗಳಿಲ್ಲದಿದ್ದರೂ ದಿನಸಿ ಕಿಟ್ ಹಂಚುವ ರೂಢಿ ಬಲವಾಗಿಯೇ ಬೆಳೆದಿದೆ. ಮಹಾವೀರ ಜಯಂತಿಗೆ, ಅಕ್ಷಯ ತೃತೀಯಾಕ್ಕೆ, ಹಿರಿಯರ ಪುಣ್ಯತಿಥಿಗೆ ಬಸದಿಯ ಮುಂದೆ ಚೀಲಗಳು ಸಾಲುಗೂಡುತ್ತವೆ. ಬಿಳಿ ಅಕ್ಕಿ, ಸಕ್ಕರೆ, ಎಣ್ಣೆ, ಉಪ್ಪಿನಕಾಯಿ ಎಂಬುದು ಚೀಲದ ಮಾಮೂಲು ಲೆಕ್ಕ. ಪಡೆಯುವ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ, ಬಾಣಂತಿಯರು ಎಷ್ಟು ಜನ, ಹಲ್ಲಿಲ್ಲದ ಮುದುಕರು ಎಷ್ಟು ಜನ ಎಂದು ಸಮಿತಿಯವರು ಒಂದು ವಾರ ಮೊದಲು ವಿಚಾರಿಸಿದರೆ ಅದೇ ಹಣದಲ್ಲಿ ಚೀಲದ ಒಳಗು ಬದಲಾಗುತ್ತದೆ: ಸಕ್ಕರೆಯ ಜಾಗದಲ್ಲಿ ಹೆಸರುಬೇಳೆ, ಅಕ್ಕಿಯ ಒಂದು ಪಾಲಿನ ಜಾಗದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ.

ಸಿರಿಧಾನ್ಯವನ್ನು ಕೊಟ್ಟರೆ ಕೀಳಾಗಿ ಕೊಟ್ಟಂತಾಗುವುದೋ ಎಂಬ ಸಂಕೋಚವುಳ್ಳವರಿಗೆ ಚಂದನಾ ದೇವಿಯ ವೃತ್ತಾಂತವಿದೆ. ಕೌಶಾಂಬಿಯ ಸೇಠನ ಮನೆಯಲ್ಲಿ ಸಂಕೋಲೆಯಲ್ಲಿದ್ದ ಆಕೆಗೆ ಯಜಮಾನಿ ಉಣ್ಣಲು ಹಾಕಿಸುತ್ತಿದ್ದುದು ಮಣ್ಣಿನ ತಟ್ಟೆಯಲ್ಲಿ ಗಂಜಿ ಬೆರೆಸಿದ ಕೋದ್ರವದ ಅನ್ನ, ನಮ್ಮ ಹಾರಕ. ಭಗವಾನ್ ಮಹಾವೀರರು ಚರ್ಯೆಗೆ ಬಂದಾಗ ಆಕೆಯ ಬಳಿ ಕೊಡಲು ಇದ್ದುದು ಅದೊಂದೇ. ಅದು ಆ ಗಳಿಗೆಯಲ್ಲಿ ಶಾಲಿಯ ಅನ್ನವಾಯಿತೆಂದು ಉತ್ತರಪುರಾಣ ಹೇಳುತ್ತದೆ. ಅಂದು ದಾಸಿಯರ ಪಾಲಿಗೆ ಎಸೆದಿದ್ದ ಆ ಹಾರಕವನ್ನೇ ಇಂದು ವೈದ್ಯರ ಸಲಹೆಯಂತೆ ಶಾಲಿಯ ಅಕ್ಕಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳುವವರ ಸಾಲು ನಗರದ ಅಂಗಡಿಗಳಲ್ಲಿದೆ. ಬಸದಿಯ ಮುಂದಿನ ಚೀಲಗಳಿಗೆ ಅದು ಇನ್ನೂ ಬಂದಿಲ್ಲ.